ಸಣ್ಣ ಪಾರಂಪರಿಕ ರೈಲು ಮಾರ್ಗ: ಎಂಜಿನ್ ಹುಡುಕೋಕೆ ಮೊದಲು ಹಳಿ, ನೀರು, ಜನ

ದುರ್ಗದ ಹಳಿ

ಹಳೇ ರೈಲಿನ ಆಸಕ್ತರು ನಾಲ್ಕು ಜನ ಸೇರಿದರೆ ಮೊದಲು ಬರೋ ಪ್ರಶ್ನೆ "ಯಾವ ಎಂಜಿನ್ ಸಿಗುತ್ತೆ?" ಅಂತ. ಸ್ವಯಂಸೇವಕರು ನಡೆಸೋ ಮಾರ್ಗಗಳ ಇತಿಹಾಸ ನೋಡಿದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲ ಉದಾಹರಣೆಯನ್ನೇ ತಗೊಳ್ಳಿ. ವೇಲ್ಸ್‌ನ ಟಲಿಲಿನ್ ರೈಲ್ವೆ 1860ರ ದಶಕದಲ್ಲಿ ಸ್ಲೇಟ್ ಕಲ್ಲು ಸಾಗಿಸೋಕೆ ಹಾಕಿದ ಸಣ್ಣ ಮಾರ್ಗ. ಹಳಿ ಅಗಲ ಎರಡೂಕಾಲು ಅಡಿ, ಉದ್ದ ಸುಮಾರು 11.7 ಕಿ.ಮೀ. ಮಾಲೀಕ ಸರ್ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡ ಮೇಲೆ ಲೇಖಕ ಟಾಮ್ ರೋಲ್ಟ್ ಮತ್ತು ಜೊತೆಗಾರರು ಸಂಘ ಕಟ್ಟಿ, 1951ರ ಮೇ 14ರಂದು ಗಾಡಿ ಓಡಿಸಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲ್ವೆ ಅದು. ಆಗ ಅವರ ಹತ್ತಿರ ನಂಬಿ ಓಡಿಸಬಹುದಾಗಿದ್ದದ್ದು 1866ರ ಡೊಲ್ಗೋಕ್ ಅನ್ನೋ ಎಂಜಿನ್ ಒಂದೇ. ಪಕ್ಕದ ಕೋರಿಸ್ ಮಾರ್ಗದಿಂದ ಎರಡು ಎಂಜಿನ್ ಕೊಂಡು ತಂದರು. ಅದರಲ್ಲಿ 3ನೇ ನಂಬರಿನದು ಹಳಿ ಮೇಲೆ ನಿಲ್ಲಲೇ ಇಲ್ಲ. ಟಲಿಲಿನ್ ಹಳಿಯ ಅಗಲ ಇರಬೇಕಾದ್ದಕ್ಕಿಂತ ಸುಮಾರು ಅರ್ಧ ಇಂಚು ಹೆಚ್ಚಿತ್ತು. 3ನೇ ನಂಬರಿನ ಚಕ್ರದ ಮೈ ಅಗಲ ಕಡಿಮೆ, ಹಾಗಾಗಿ ಚಕ್ರ ಎರಡು ಹಳಿಗಳ ನಡುವೆ ಇಳಿದುಬಿಡುತ್ತಿತ್ತು. ಎಂಜಿನ್ ಇತ್ತು, ಅದನ್ನು ಹೊರೋ ಹಳಿ ಇರಲಿಲ್ಲ.

ದಾವಣಗೆರೆ-ಚಿತ್ರದುರ್ಗ ಸೀಮೆಯಲ್ಲಿ ಇಂಥದ್ದೊಂದು ಮಾಡಬೇಕಾದರೆ ಏನೇನು ಬೇಕು, ಎಲ್ಲೆಲ್ಲಿ ಕೆಡುತ್ತೆ ಅಂತ ಈ ಚರ್ಚೆಯಲ್ಲಿ ಎಲ್ಲರೂ ಲೆಕ್ಕ ಸಮೇತ ಬರೆಯೋಣ.

ಜಾಜೂರು ಜಂಕ್ಷನ್

ಚಿಕ್ಕಜಾಜೂರು–ಚಿತ್ರದುರ್ಗ ಹಳೇ ಮೀಟರ್ ಗೇಜ್ ದಾರಿ ಇತ್ತಲ್ಲ, ಅದರ ಏರಿ ಎಲ್ಲಾದರೂ ಉಳಿದಿದ್ದರೆ ಅಲ್ಲೇ ಒಂದೆರಡು ಕಿಲೋಮೀಟರ್ ಹಾಕಬಹುದಲ್ವಾ?

ದುರ್ಗದ ಹಳಿ

ಆಗಲ್ಲ. ಬ್ರಾಡ್‌ಗೇಜ್ ಹೋಗಿರೋದು ಬಹುಪಾಲು ಅದೇ ಏರಿಯ ಮೇಲೆ, ಈಗ ಅದು ರಾಯದುರ್ಗದ ಕಡೆ ಹೋಗೋ ಚಾಲ್ತಿ ಮಾರ್ಗ. ಬದಿಯಲ್ಲಿ ತುಂಡು ಜಾಗ ಉಳಿದಿದ್ದರೂ ಅದು ರೈಲ್ವೆ ಭೂಮಿ. ಪಕ್ಕದಲ್ಲೇ ಗಾಡಿ ಓಡುವಾಗ ಅಲ್ಲಿ ಹೊರಗಿನವರ ಹಳಿಗೆ ಜಾಗ ಇಲ್ಲ. ಬೇಲಿ ಹಾಕಿದ ಖಾಸಗಿ ಜಮೀನು ನೋಡಿ. ಹಳೇ ಮಿಲ್ ಕಾಂಪೌಂಡ್, ತೋಟ, ಕ್ವಾರಿ ಯಾವುದಾದರೂ ಸರಿ, ಆದರೆ ಸಾರ್ವಜನಿಕ ರಸ್ತೆ ದಾಟಬಾರದು. ಒಂದು ಗೇಟ್ ಬಂದರೆ ಓಡಿಸೋ ಪ್ರತಿ ದಿನ ಇಬ್ಬರು ಅಲ್ಲೇ ನಿಂತಿರಬೇಕು.

ಎರೆಹೊಲ

ಹಳಿಯ ಲೆಕ್ಕ ನಾನು ಕೊಡ್ತೀನಿ. 610 ಮಿ.ಮೀ. ಅಗಲ, ಮೀಟರಿಗೆ 15 ಕೆ.ಜಿ. ತೂಗೋ ಹಳಿ, ಒಂದು ಕಿಲೋಮೀಟರ್ ಅಂತ ಹಿಡಿಯಿರಿ.

ಹಳಿ ಎರಡು ಸಾಲು, 30 ಟನ್. 10 ಮೀಟರ್ ತುಂಡುಗಳಾದರೆ 200 ತುಂಡು, ಹತ್ತಿರತ್ತಿರ 200 ಜೋಡಣೆ. ಒಂದೊಂದು ಜೋಡಣೆಗೆ ಎರಡು ಫಿಶ್‌ಪ್ಲೇಟ್ (ಎರಡು ಹಳಿಯ ತುದಿ ಸೇರಿಸೋ ಉಕ್ಕಿನ ಪಟ್ಟಿ), ನಾಲ್ಕು ಬೋಲ್ಟು: ಅಂದರೆ 400 ಪ್ಲೇಟು, 800 ಬೋಲ್ಟು. ಸ್ಲೀಪರ್ (ಹಳಿಯ ಕೆಳಗಿನ ಅಡ್ಡ ದಿಮ್ಮಿ) 75 ಸೆಂ.ಮೀ.ಗೊಂದು ಹಾಕಿದರೆ 1,334. ಸ್ಲೀಪರಿಗೆ ನಾಲ್ಕರಂತೆ ಹಳಿಮೊಳೆ 5,336. ಒಡೆಯೋದು, ಬಾಗೋದು ಲೆಕ್ಕ ಹಾಕಿ ನೂರಕ್ಕೆ ಹತ್ತು ಹೆಚ್ಚು ತರಿಸಿ. ಜಲ್ಲಿ 450–500 ಘನ ಮೀಟರ್, ದೊಡ್ಡ ಟಿಪ್ಪರಿನಲ್ಲಿ 50 ಲೋಡ್. ಜಲ್ಲಿಗೆ ನಮ್ಮ ಕಡೆ ಬರ ಇಲ್ಲ, ಆದರೆ ಕ್ರಷರಿನವರು ದೂಳು ಸೇರಿಸಿ ಕೊಡ್ತಾರೆ. ದೂಳು ತುಂಬಿದ ಜಲ್ಲಿಯಲ್ಲಿ ನೀರು ಬಸಿಯಲ್ಲ. ಜರಡಿ ಹಿಡಿಸಿಯೇ ಇಳಿಸಿಕೊಳ್ಳಿ.

ಇಷ್ಟು ಸಾಮಾನು ದುಡ್ಡು ಕೊಟ್ಟರೆ ಬರುತ್ತೆ. ಕೆಡೋದು ನೆಲದಲ್ಲಿ. ದಾವಣಗೆರೆ ಸುತ್ತ ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ, ಮಳೆಗಾಲದಲ್ಲಿ ಉಬ್ಬುತ್ತೆ. ಅದರ ಮೇಲೆ ನೇರ ಜಲ್ಲಿ ಸುರಿದರೆ ಎರಡು ಮಳೆಗೆ ಕಲ್ಲು ಕೆಳಗಿಳಿದು ಕೆಸರು ಮೇಲೆ ಬರುತ್ತೆ. ಜಲ್ಲಿಗೂ ಎರೆಮಣ್ಣಿಗೂ ಮಧ್ಯೆ ಅರ್ಧ ಮೀಟರ್ ಗರಸು ಹಾಕಿ ರೋಲರ್ ಓಡಿಸಬೇಕು, ಮೇಲ್ಮೈ ಎರಡೂ ಬದಿಗೆ 30ಕ್ಕೆ 1ರ ಇಳಿಜಾರಿರಬೇಕು, ಬದಿ ಚರಂಡಿ ಜಲ್ಲಿಯ ತಳಕ್ಕಿಂತ ಕೆಳಗಿರಬೇಕು. ಈ ಕೆಲಸ ಫೋಟೋದಲ್ಲಿ ಕಾಣಲ್ಲ, ಇದಕ್ಕೆ ದೇಣಿಗೆ ಕೊಡೋರೂ ಕಡಿಮೆ. ಆದರೆ ಇದನ್ನು ಬಿಟ್ಟರೆ ಮುಂದೆ ಪ್ರತಿ ವರ್ಷ ಹಳಿ ಎತ್ತೋದೇ ಕೆಲಸ. ದುರ್ಗದ ಕಡೆಯ ಗಟ್ಟಿ ಕೆಂಪು ನೆಲ ಸಿಕ್ಕರೆ ಅರ್ಧ ತಲೆನೋವು ಕಡಿಮೆ.

ಸ್ಲೀಪರ್ ಮರದ್ದಾದರೆ ಗೆದ್ದಲು ಇನ್ನೊಂದು ಶತ್ರು. ಮೊದಲು ಹಿಡಿಯೋದು ಕೊಯ್ದ ತುದಿಯನ್ನ. ತುದಿಗಳನ್ನು ಕ್ರಿಯೋಸೋಟಿನಲ್ಲಿ (ಮರ ಕೆಡದ ಹಾಗೆ ಕಾಯೋ ಟಾರೆಣ್ಣೆ) ಅದ್ದದೆ ಹಾಕಬೇಡಿ. ನೀಲಗಿರಿ ಮರಕ್ಕೆ ತೂತು ಕೊರೆಯದೆ ಮೊಳೆ ಹೊಡೆದರೆ ಉದ್ದಕ್ಕೂ ಸೀಳುತ್ತೆ. ಮೊಳೆಗಿಂತ 2–3 ಮಿ.ಮೀ. ಚಿಕ್ಕ ತೂತು ಮೊದಲೇ ಹಾಕಿ, ಅದಕ್ಕೂ ಎಣ್ಣೆ ಬಿಡಿ.

ಹರಿಹರ ಲೇತ್

ಇದಕ್ಕೆ ಬಿಸಿಲಿನ ಲೆಕ್ಕವನ್ನೂ ಸೇರಿಸಿ. ಗಾಳಿ 40 ಡಿಗ್ರಿ ಇದ್ದ ದಿನ ಬಿಸಿಲಿನಲ್ಲಿ ಮಲಗಿರೋ ಹಳಿ 60–65 ಮುಟ್ಟುತ್ತೆ. ಡಿಸೆಂಬರ್ ಬೆಳಗ್ಗೆ 15. ಈ 50 ಡಿಗ್ರಿ ವ್ಯತ್ಯಾಸಕ್ಕೆ 10 ಮೀಟರ್ ಹಳಿ ಸುಮಾರು 5.75 ಮಿ.ಮೀ. ಹಿಗ್ಗುತ್ತೆ. ಹಳಿ 40 ಡಿಗ್ರಿ ಇದ್ದಾಗ ಜೋಡಿಸಿದರೆ ಸಂದು 3 ಮಿ.ಮೀ. ಬಿಡಿ, ತಂಪು ಬೆಳಗ್ಗೆ 22 ಡಿಗ್ರಿಯಲ್ಲಿ ಜೋಡಿಸಿದರೆ 5. ತಗಡಿನ ತುಂಡು ಕೊಯ್ದು ಸಂದಿನಲ್ಲಿಟ್ಟು, ಬೋಲ್ಟು ಬಿಗಿದ ಮೇಲೆ ತೆಗೆಯಬೇಕು. ಕಣ್ಣಳತೆ ನಡೆಯಲ್ಲ.

ಸಂದು ಬಿಟ್ಟರೂ ಸಾಲದು. ಫಿಶ್‌ಪ್ಲೇಟ್ ತುಕ್ಕು ಹಿಡಿದು ಹಳಿಗೆ ಕಚ್ಚಿಕೊಂಡರೆ ಆ ಸಂದು ಮುಚ್ಚೋದೇ ಇಲ್ಲ. ಅಂಥ ಹತ್ತು ಜೋಡಣೆ ಸಾಲಾಗಿ ಸಿಕ್ಕಿದರೆ ಏಪ್ರಿಲ್ ಮಧ್ಯಾಹ್ನ ಹಳಿ ಹಾವಿನ ಹಾಗೆ ಸೊಟ್ಟಗಾಗುತ್ತೆ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಪ್ಲೇಟ್ ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ಕಲಸಿದ ಗ್ರಾಫೈಟ್ ಬಳಿಯಬೇಕು. ಬೋಲ್ಟಿಗೆ ಕಪ್ಪೆಣ್ಣೆ. ಬಿಗಿಯುವಾಗ ನಡುವಿನ ಎರಡು ಮೊದಲು, ಹೊರಗಿನವು ಆಮೇಲೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾಲದಿಂದ ಲೇತ್ ಕೆಲಸ ಗೊತ್ತಿರೋ ಕೈಗಳಿವೆ, ಬೋಲ್ಟು, ಪಿನ್ನು, ಬುಷ್ಷು ಯಾವುದೂ ಸಮಸ್ಯೆಯಲ್ಲ. ಸಮಸ್ಯೆ ಏನಂದ್ರೆ, ಹೊಸ ಬೋಲ್ಟು ಮಾಡಿಕೊಡೋರು ಸಿಗ್ತಾರೆ, ಹಳೇ 800 ಬೋಲ್ಟು ಬಿಚ್ಚಿ ಎಣ್ಣೆ ಹಾಕೋರು ಸಿಗಲ್ಲ.

ಜಾಜೂರು ಜಂಕ್ಷನ್

ತಿರುವಿನಲ್ಲಿ ಸರಿಯಾಗಿ ಬಾಗಿದೆಯೋ ಇಲ್ಲವೋ ಹೇಗೆ ನೋಡೋದು? ಸರ್ವೆ ಯಂತ್ರ ಬೇಕಾ?

ಎರೆಹೊಲ

ದಾರ, ಸ್ಕೇಲು ಸಾಕು. ಹೊರಗಿನ ಹಳಿಯ ಒಳಮೈಗೆ 5 ಮೀಟರ್ ದಾರ ಬಿಗಿಯಾಗಿ ಹಿಡಿದು, ನಟ್ಟನಡುವೆ ದಾರಕ್ಕೂ ಹಳಿಗೂ ಎಷ್ಟು ದೂರ ಅಂತ ಅಳೆಯಿರಿ. ದಾರದ ಉದ್ದದ ವರ್ಗವನ್ನು 125ರಿಂದ ಗುಣಿಸಿ, ಮೀಟರಿನಲ್ಲಿರೋ ತ್ರಿಜ್ಯದಿಂದ ಭಾಗಿಸಿದರೆ ಎಷ್ಟು ಮಿ.ಮೀ. ಇರಬೇಕು ಅಂತ ಸಿಗುತ್ತೆ. 40 ಮೀಟರ್ ತ್ರಿಜ್ಯಕ್ಕೆ 78 ಮಿ.ಮೀ. ಪ್ರತಿ ಎರಡೂವರೆ ಮೀಟರಿಗೆ ಗುರುತು ಹಾಕಿ ಅಳೆದು ಬರೆದಿಡಿ. 78, 80, 76 ಬಂದರೆ ಚಿಂತೆಯಿಲ್ಲ. 78, 110, 45 ಅಂತ ಬಂದರೆ ಅಲ್ಲಿ ಹಳಿ ಮೊಣಕೈ ಮಡಿಸಿದೆ, ಚಕ್ರ ಏರೋದೂ ಅಲ್ಲೇ.

ಸ್ಲೀಪರ್ ಕೆಳಗಿನ ಜಲ್ಲಿಯ ಮೆತ್ತೆ ನೋಡೋಕೆ ಕಿವಿ ಬೇಕು. ಸ್ಲೀಪರ್ ತುದಿಗೆ ಹಾರೆಯ ಹಿಂಭಾಗದಿಂದ ಕುಟ್ಟಿದರೆ ಜಲ್ಲಿ ತುಂಬಿದ್ದು ಗಟ್ಟಿ ದನಿ ಕೊಡುತ್ತೆ, ಟೊಳ್ಳಿದ್ದದ್ದು ಡಬ್ಬದ ಹಾಗೆ ಕೂಗುತ್ತೆ. ಹೊಸಬರಿಗೆ ಅರ್ಧ ದಿನದಲ್ಲಿ ಈ ವ್ಯತ್ಯಾಸ ಹಿಡಿತಕ್ಕೆ ಬರುತ್ತೆ. ಸ್ವಯಂಸೇವಕ ರೈಲ್ವೆಯ ಸೆಳೆತ ಇರೋದು ಇಲ್ಲೇ ಅಂತ ನನ್ನ ನಂಬಿಕೆ. ಬ್ಯಾಂಕಿನವರು, ಮೇಷ್ಟ್ರು, ಕಾಲೇಜು ಹುಡುಗಿ ಯಾರೇ ಆಗಲಿ, ಬೆಳಗ್ಗೆ ಟೊಳ್ಳಿದ್ದ ಹತ್ತು ಸ್ಲೀಪರಿಗೆ ಬೀಟರ್ ಹಿಡಿದು ಜಲ್ಲಿ ತುಂಬಿ, ಸಂಜೆ ಅದರ ಮೇಲೆ ಗಾಡಿ ಅಲುಗದೆ ಹೋಗೋದನ್ನ ಕಣ್ಣಾರೆ ನೋಡಬಹುದು.

ಭದ್ರಾ ನೀರು

ಉಗಿ ಎಂಜಿನ್ ಬೇಕು ಅನ್ನೋರು ಮೊದಲು ನೀರಿನ ಪರೀಕ್ಷೆ ಮಾಡಿಸಿ. ಬೋರ್ ನೀರಿನ ಗಡಸುತನ 500 ಪಿಪಿಎಂ ಅಂತ ಹಿಡಿಯೋಣ. ಲೀಟರಿಗೆ ಅರ್ಧ ಗ್ರಾಂ. ದಿನಕ್ಕೆ 2,000 ಲೀಟರ್ ಆವಿಯಾದರೆ ಒಂದು ಕೆ.ಜಿ. ಸುಣ್ಣ ಬಾಯ್ಲರ್ ಒಳಗೇ ಉಳೀತು. ವರ್ಷಕ್ಕೆ 60 ದಿನ ಓಡಿಸಿದರೆ 60 ಕೆ.ಜಿ., ಸಿಮೆಂಟ್ ಮೂಟೆಗಿಂತ ಹೆಚ್ಚು. ಅದು ಬೆಂಕಿಪೆಟ್ಟಿಗೆಯ (ಬಾಯ್ಲರ್ ಒಳಗೆ ಬೆಂಕಿ ಉರಿಯೋ ಗೂಡು) ತಗಡಿಗೆ ಹತ್ತಿಕೊಂಡರೆ ಶಾಖ ನೀರಿಗೆ ದಾಟಲ್ಲ, ತಗಡು ಕಾದು ಮೆತ್ತಗಾಗುತ್ತೆ, ಉಬ್ಬುತ್ತೆ.

ಸಾಫ್ಟನರ್ ಹಾಕಿದರೆ ಮುಗೀತು ಅಂದ್ಕೋಬೇಡಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತೆ, ಕರಗಿರೋ ಲವಣದ ಒಟ್ಟು ಮೊತ್ತ ಇಳಿಯಲ್ಲ. ಅದು ಏರಿದರೆ ನೀರು ನೊರೆಗಟ್ಟಿ ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತೆ. ನೀರು ಹಿಂಡೋಕಾಗಲ್ಲ, ಸಿಲಿಂಡರ್ ಮುಚ್ಚಳ ಸೀಳುತ್ತೆ. ಆರ್‌ಓ ನೀರು ಶುದ್ಧ, ಆದರೆ ಸ್ವಲ್ಪ ಹುಳಿ, ಉಕ್ಕನ್ನು ಚುಚ್ಚಿ ಚುಚ್ಚಿ ಗುಳಿ ಮಾಡುತ್ತೆ. ಯಾವ ನೀರಾದರೂ ಬಾಯ್ಲರ್ ಒಳಗೆ ಪಿಎಚ್ 10.5ರಿಂದ 11.5ರ ನಡುವೆ ಇಡಬೇಕು, ದಿನಾ ಬ್ಲೋಡೌನ್ ಕೊಡಬೇಕು (ಅಂದರೆ ತಳದ ಕೆಸರು ನೀರು ಹೊರಬಿಡಬೇಕು), ಪ್ರತಿ ಸಲ ಅಳತೆ ಬರೆದಿಡಬೇಕು.

ಒಳ್ಳೇ ದಾರಿ ಮಳೆನೀರು. 300 ಚದರ ಮೀಟರ್ ಶೆಡ್ಡಿನ ಚಾವಣಿ, ವರ್ಷಕ್ಕೆ 550 ಮಿ.ಮೀ. ಮಳೆ, ನೂರಕ್ಕೆ 80 ಕೈಗೆ ಸಿಕ್ಕರೂ 1,32,000 ಲೀಟರ್. ಮೇಲಿನ 60 ದಿನಕ್ಕೆ ಬೇಕಾದದ್ದು 1,20,000. ದುರ್ಗದ ಕೋಟೆ ಹೊಂಡ ಕಟ್ಟಿದವರ ಲೆಕ್ಕವೇ ಇದು: ಮಳೆ ಕಡಿಮೆ, ಬಂದದ್ದನ್ನ ಬಂಡೆ ಮೇಲಿಂದ ಜಾರಿಸಿ ಹಿಡಿದಿಡು. ಖರ್ಚೆಲ್ಲ ಶೇಖರಣೆಯ ತೊಟ್ಟಿಗೆ. ತೊಟ್ಟಿಗೆ ನೆರಳು ಇರಲೇಬೇಕು. ಉಗಿಯ ಬಲದಿಂದ ಬಾಯ್ಲರಿಗೆ ನೀರು ತುಂಬೋ ಇಂಜೆಕ್ಟರ್ ಕೆಲಸ ಮಾಡೋದು ತಣ್ಣೀರು ಉಗಿಯನ್ನು ಗಪ್ಪನೆ ತಣಿಸೋದರಿಂದ. ಬಿಸಿಲಿಗೆ ನಿಂತ ಟೆಂಡರಿನ (ಎಂಜಿನ್ ಹಿಂದೆ ನೀರು, ಇದ್ದಲು ಹೊರೋ ಗಾಡಿ) ನೀರು 45 ಡಿಗ್ರಿ ದಾಟಿದರೆ ಹಳೇ ಇಂಜೆಕ್ಟರ್ ಹಿಡಿಯೋದೇ ಇಲ್ಲ, ಕೆಳಗಿನ ಕೊಳವೆಯಲ್ಲಿ ಎಲ್ಲಾ ಉಗುಳುತ್ತೆ. ಬಾಯ್ಲರಿಗೆ ನೀರು ಹೋಗ್ತಿಲ್ಲ ಅಂದರೆ ಗಾಡಿ ಅಲ್ಲಿಗೇ ನಿಂತಂತೆ.

ಉಗಿಗಾಡಿ

ಜಾಲಿ ತೊಗಟೆ, ತಂಗಡಿ ತೊಗಟೆ ನೆನೆಸಿದ ನೀರು ಹಾಕಿದರೆ ಸುಣ್ಣ ಹಿಡಿಯಲ್ಲ ಅಂತಾರಲ್ಲ?

ಭದ್ರಾ ನೀರು

ಅದರಲ್ಲಿ ಅರ್ಧ ನಿಜ ಇದೆ. ಎರಡರಲ್ಲೂ ಚರ್ಮ ಹದ ಮಾಡೋ ಟ್ಯಾನಿನ್ ಇದೆ. ಟ್ಯಾನಿನ್ ಸುಣ್ಣವನ್ನು ಗಟ್ಟಿಯಾಗೋಕೆ ಬಿಡದೆ ಕೆಸರಿನ ಹದದಲ್ಲಿಡುತ್ತೆ, ಆಮ್ಲಜನಕವನ್ನೂ ಹೀರುತ್ತೆ. ಬಾಯ್ಲರ್ ಮದ್ದುಗಳಲ್ಲಿ ಇವತ್ತಿಗೂ ಅದನ್ನ ಬಳಸ್ತಾರೆ. ಆದರೆ ತೊಗಟೆಯ ಕಷಾಯದಲ್ಲಿ ಟ್ಯಾನಿನ್ ಎಷ್ಟಿದೆ ಅಂತ ಅಳತೆ ಇಲ್ಲ, ಜೊತೆಗೆ ಬರೋ ಅಂಟು, ಸಕ್ಕರೆ ನೊರೆ ಎಬ್ಬಿಸುತ್ತೆ. ಅಳತೆ ಗೊತ್ತಿರೋ ಮದ್ದನ್ನೇ ಹಾಕಿ.

ಉಗಿಗಾಡಿ

ಸರಿ. ಬಾಯ್ಲರ್ ವಿಷಯ ನಾನು ಬರೀತೀನಿ.

ರೈಲ್ವೆ ಆಡಳಿತದ ಎಂಜಿನ್ ಬಾಯ್ಲರುಗಳಿಗೆ 1923ರ ಬಾಯ್ಲರ್ ಕಾಯ್ದೆಯಿಂದ ವಿನಾಯಿತಿ ಇತ್ತು. ಖಾಸಗಿ ಸಂಘಕ್ಕೆ ಆ ವಿನಾಯಿತಿ ಇಲ್ಲ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ, ಸಂಘದ ಮಟ್ಟಿಗೆ ತಿರುಳು ಅದೇ: ರಾಜ್ಯದ ಬಾಯ್ಲರ್ ಇಲಾಖೆಯ ನೋಂದಣಿ, ತಪಾಸಣೆ, ಪ್ರಮಾಣಪತ್ರ. ಬೆಂಕಿ ಕಾಯೋರಿಗೂ ಬಾಯ್ಲರ್ ಅಟೆಂಡೆಂಟ್ ಪ್ರಮಾಣಪತ್ರ ಬೇಕು. ಅಂಥವರು ನಮ್ಮ ಕಡೆ ಅಕ್ಕಿ ಗಿರಣಿಗಳಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ ಇದ್ದಾರೆ. ಮೊದಲು ಅವರನ್ನು ಹುಡುಕಿ ಸಂಘಕ್ಕೆ ಕರೆತನ್ನಿ.

ಬೆಂಕಿ ಹಾಕೋದರಲ್ಲಿ ಅವಸರ ಬೇಡ. ತಣ್ಣಗಿರೋ ಬಾಯ್ಲರನ್ನು ಎರಡು ಗಂಟೆಯಲ್ಲಿ ಉಗಿಗೆ ತಂದರೆ ಒಳಗಿನ ಬೆಂಕಿಪೆಟ್ಟಿಗೆ ಬೇಗ ಹಿಗ್ಗುತ್ತೆ, ಹೊರಗಿನ ಕವಚ ಇನ್ನೂ ತಣ್ಣಗಿರುತ್ತೆ. ಎರಡನ್ನೂ ಹಿಡಿದಿರೋ ಸ್ಟೇ ಬೋಲ್ಟುಗಳು ಬಾಗಿ ಬಾಗಿ ಒಂದು ದಿನ ತುಂಡಾಗುತ್ತವೆ. ಅದಕ್ಕೇ ಸ್ಟೇ ತುದಿಯಲ್ಲಿ ಸಣ್ಣ ತೂತು ಇರೋದು. ಅಲ್ಲಿಂದ ನೀರು ಜಿನುಗಿದರೆ ಸ್ಟೇ ಮುರಿದಿದೆ ಅಂತ ಅರ್ಥ. ಆ ತೂತಿಗೆ ಬಣ್ಣ ಬಳಿದು ಮುಚ್ಚಿದರೆ ಎಚ್ಚರಿಕೆ ಗಂಟೆಯ ನಾಲಗೆ ಕಿತ್ತ ಹಾಗೆ. ಸಣ್ಣ ಎಂಜಿನ್ನಿಗೂ ಮೂರ್ನಾಲ್ಕು ಗಂಟೆ ಕೊಡಿ, ದೊಡ್ಡದಕ್ಕೆ ಹಿಂದಿನ ರಾತ್ರಿಯೇ ಕಟ್ಟಿಗೆಯ ಸಣ್ಣ ಬೆಂಕಿ. ತೊಳೆಯುವಾಗಲೂ ಅಷ್ಟೇ, ಒಂದೆರಡು ದಿನ ತಾನಾಗಿ ಆರಿದ ಮೇಲೆಯೇ ತೊಳೆಯೋ ತೂತುಗಳ ಪ್ಲಗ್ ಬಿಚ್ಚಬೇಕು.

ಗಾಡಿ ಹೊರಡೋಕೆ ಮೊದಲು ಬಾಯ್ಲರಿನ ನೀರಿನ ಮಟ್ಟ ತೋರಿಸೋ ಗಾಜು ನೋಡೋ ಕ್ರಮ ತಪ್ಪಬಾರದು. ಮೇಲಿನ, ಕೆಳಗಿನ ನಲ್ಲಿ ಎರಡೂ ಮುಚ್ಚಿ ಬಸಿಯೋ ನಲ್ಲಿ ತೆರೆಯಿರಿ. ಗಾಜು ಖಾಲಿಯಾಗುತ್ತೆ. ಮೇಲಿನದು ಮಾತ್ರ ತೆರೆದರೆ ಉಗಿ ಸುಯ್ಯನೆ ಬರಬೇಕು, ಮುಚ್ಚಿ. ಕೆಳಗಿನದು ಮಾತ್ರ ತೆರೆದರೆ ನೀರು ರಭಸವಾಗಿ ಬರಬೇಕು, ಮುಚ್ಚಿ. ಬಸಿಯೋದು ಮುಚ್ಚಿ ಎರಡನ್ನೂ ತೆರೆದಾಗ ನೀರು ಛಂಗನೆ ಮೇಲೇರಿ ಕುಣಿದು ನಿಲ್ಲಬೇಕು. ಸೋಮಾರಿಯ ಹಾಗೆ ನಿಧಾನ ಏರಿದರೆ ಕೆಳಗಿನ ದಾರಿಯಲ್ಲಿ ಸುಣ್ಣ ಕಟ್ಟಿದೆ, ಗಾಜು ತೋರಿಸ್ತಿರೋ ಮಟ್ಟ ನಂಬಬೇಡಿ. ಗಾಜು ಎರಡಿರೋದು ಒಂದನ್ನೊಂದು ತಾಳೆ ನೋಡೋಕೆ. ನೀರು ಬೆಂಕಿಪೆಟ್ಟಿಗೆಯ ನೆತ್ತಿಗಿಂತ ಕೆಳಗಿಳಿದರೆ ಅಲ್ಲಿರೋ ಸೀಸದ ಪ್ಲಗ್ 327 ಡಿಗ್ರಿಗೆ ಕರಗಿ ಉಗಿ ಬೆಂಕಿಯ ಮೇಲೆ ಬೀಳುತ್ತೆ. ಅಷ್ಟರ ಮಟ್ಟಿಗೆ ಹೋಗಲೇಬಾರದು.

ಹರಿಹರ ಲೇತ್

ನನ್ನ ಅಭಿಪ್ರಾಯ ಖಡಾಖಂಡಿತ: ಮೊದಲ ಐದು ವರ್ಷ ಉಗಿ ಬೇಡ. ಗಣಿ ಅಥವಾ ಕಾರ್ಖಾನೆಯ ಸಣ್ಣ ಡೀಸೆಲ್ ಸಾಕು. ಚಾಲನೆಗೆ ಹತ್ತು ನಿಮಿಷ, ಎರಡು ತಾಸು ಓಡಿಸಿ ನಿಲ್ಲಿಸಿದರೆ ಖರ್ಚು ಅಲ್ಲಿಗೇ ನಿಲ್ಲುತ್ತೆ. ಉಗಿಯಾದರೆ ನಿಂತಾಗಲೂ ಇದ್ದಲು ತಿನ್ನುತ್ತೆ. ಬ್ರೇಕ್ ಗಾಳಿಯೊತ್ತಡದ್ದೇ ಹಾಕಿ. ವ್ಯಾಕ್ಯೂಮ್ ಬ್ರೇಕಿನ ಸಿಲಿಂಡರಿನಲ್ಲಿರೋ ರಬ್ಬರ್ ಉರುಳುಬಳೆ ಒಣಗಿ ಬಿರಿದರೆ, ಇಲ್ಲಾ ತಿರುಚಿಕೊಂಡರೆ, ಪಾದರಸದ 53 ಸೆಂ.ಮೀ. ಎಳೆದ ನಿರ್ವಾತ ನಿಲ್ಲಲ್ಲ. ಭಾರತೀಯ ರೈಲ್ವೆ ಏರ್ ಬ್ರೇಕಿಗೆ ಹೋದ ಮೇಲೆ ಆ ಬಳೆ ಅಂಗಡಿಯಲ್ಲಿ ಸಿಗೋ ಸಾಮಾನಲ್ಲ.

ಉಗಿಗಾಡಿ

ಡೀಸೆಲ್ ನೋಡೋಕೆ ಜನ ಬರ್ತಾರಾ? ಬೆಂಕಿಯ ಬಾಗಿಲು ತೆರೆದಾಗ ಮುಖಕ್ಕೆ ಬಡಿಯೋ ಕಾವು, ಬಿಸಿ ಎಣ್ಣೆಯ ವಾಸನೆ, ಅದಕ್ಕಾಗಿಯೇ ಜನ ವಾರವಿಡೀ ದುಡಿಯೋದು. ಅದಿಲ್ಲದಿದ್ದರೆ ಸಂಘವೇ ಕೂಡಲ್ಲ.

ಹರಿಹರ ಲೇತ್

ಸೆಳೆತವನ್ನ ನಾನು ಅಲ್ಲಗಳೀತಿಲ್ಲ. ಮಾರ್ಚ್ ತಿಂಗಳ ಜೋಗಿಮಟ್ಟಿ ತಪ್ಪಲಿನ ಒಣಹುಲ್ಲು ನೆನೆಸಿಕೊಳ್ಳಿ. ಒಂದು ಕಿಡಿ ಸಾಕು. ಆಸ್ಟ್ರೇಲಿಯಾದ ಪಫಿಂಗ್ ಬಿಲ್ಲಿ ಮಾರ್ಗ 24 ಕಿ.ಮೀ. ಕಾಡಿನ ನಡುವೆ ಹೋಗುತ್ತೆ. ಉಗಿಗೇ ಹೆಸರಾದ ಮಾರ್ಗ ಅದು, ಆದರೂ ಕಾಡ್ಗಿಚ್ಚಿನ ಅಪಾಯ ಹೆಚ್ಚಿದ ದಿನ ಅವರು ಡೀಸೆಲ್ ಕಟ್ಟುತ್ತಾರೆ. ನಮ್ಮ ನೀಲಗಿರಿ ಮಾರ್ಗದಲ್ಲೂ ಎಂಜಿನ್‌ಗಳನ್ನು ಎಣ್ಣೆ ಬೆಂಕಿಗೆ ಬದಲಿಸಿದ್ದಾರೆ. ನಮ್ಮ ಇದ್ದಲಿನಲ್ಲಿ ಬೂದಿ ಹೆಚ್ಚು, ಕರಗಿ ಕಿಟ್ಟವಾಗಿ ಜಾಲರಿಗೆ ಅಂಟುತ್ತೆ, ಗಾಳಿ ನುಗ್ಗಲ್ಲ, ಒತ್ತಡ ಬೀಳುತ್ತೆ. ಉಗಿ ಬಂದಾಗ ಬರಲಿ, ಹಿಂದೊಂದು ಡೀಸೆಲ್ ಇರಲೇಬೇಕು. ಹಳಿಯ ಎರಡೂ ಬದಿ ಮೂರು ಮೀಟರ್ ಹುಲ್ಲು ಕೆತ್ತಿರಬೇಕು, ಕೊನೆಯ ಗಾಡಿ ಹೋದ ಮೇಲೆ ಒಂದು ತಾಸು ಬಿಟ್ಟು ಒಬ್ಬರು ಹಳಿಯುದ್ದ ನಡೆದು ನೋಡಿಬರಬೇಕು.

ಉಗಿಗಾಡಿ

ಬೆಂಕಿಯ ವಿಷಯದಲ್ಲಿ ಒಪ್ಪಿದೆ. ಡೀಸೆಲ್ ಮೊದಲು ಅನ್ನೋದಕ್ಕೆ ಇನ್ನೂ ಮನಸ್ಸಿಲ್ಲ.

ದುರ್ಗದ ಹಳಿ

ಜನದ ಲೆಕ್ಕ ಹಾಕಿ ನೋಡಿ, ಮನಸ್ಸು ಬದಲಾಗಬಹುದು. ಒಂದು ಭಾನುವಾರಕ್ಕೆ ಚಾಲಕ, ಬೆಂಕಿಯವ, ಗಾರ್ಡ್, ಟಿಕೆಟ್‌ಗೆ ಒಬ್ಬರು, ಪ್ಲಾಟ್‌ಫಾರ್ಮಿಗೆ ಇಬ್ಬರು, ಹಳಿ ನೋಡಿಬರೋಕೆ ಒಬ್ಬರು, ಪ್ರಥಮ ಚಿಕಿತ್ಸೆಗೆ ಒಬ್ಬರು, ಇಡೀ ದಿನದ ಹೊಣೆಗೆ ಒಬ್ಬರು. ಒಂಬತ್ತು. ತಿಂಗಳಿಗೆ ನಾಲ್ಕು ಭಾನುವಾರ 36 ಪಾಳಿ. ಒಬ್ಬರು ತಿಂಗಳಿಗೆ ಒಂದು ದಿನ ಕೊಡ್ತಾರೆ, ಮೂವರಲ್ಲಿ ಒಬ್ಬರಿಗೆ ಆ ದಿನ ಮದುವೆಯೋ ಜ್ವರವೋ ಬರುತ್ತೆ. ಕಡಿಮೆ ಅಂದರೂ 54 ಜನ ಬೇಕು. ಶನಿವಾರದ ಹಳಿ ತಂಡದ ಎಂಟು ಜನ ಬೇರೆ. ತಿಂಗಳಿಗೆ ಎರಡೇ ಭಾನುವಾರ ಓಡಿಸಿದರೆ ಇದು ಅರ್ಧಕ್ಕಿಳಿಯುತ್ತೆ. ಶುರುವಿಗೆ ಅಷ್ಟೇ ಸಾಕು.

ಎಲ್ಲರಿಗೂ ಚಾಲಕನ ಜಾಗ ಬೇಕು, ಕಳೆ ಕೀಳೋಕೆ ಯಾರೂ ಇಲ್ಲ. ಬ್ರಿಟನ್ನಿನ ಮಾರ್ಗಗಳಲ್ಲಿ ಹಳೇ ರೈಲ್ವೆ ಕ್ರಮವನ್ನೇ ಉಳಿಸಿಕೊಂಡಿದ್ದಾರೆ: ಮೊದಲು ಎಂಜಿನ್ ಒರೆಸೋ ಕೆಲಸ, ಆಮೇಲೆ ಬೆಂಕಿ, ಕೊನೆಗೆ ಚಾಲನೆ. ಒರೆಸುವವರ ಕೈಗೇ ಮೊದಲು ಬಿರುಕು, ಸಡಿಲ ನಟ್ಟು ಸಿಗೋದು, ಆದ್ದರಿಂದ ಅದು ತರಬೇತಿಯೂ ಹೌದು. ನಮ್ಮಲ್ಲಿ ಇದಕ್ಕೆ ಹಳಿ ಕೆಲಸವನ್ನೂ ಸೇರಿಸಬೇಕು: ವರ್ಷಕ್ಕೆ ಹತ್ತು ಶನಿವಾರ ಬೀಟರ್ ಹಿಡಿಯದವರಿಗೆ ಎಂಜಿನ್ ಹತ್ತೋ ಹಕ್ಕಿಲ್ಲ. ಯಾರಿಗೂ ವಿನಾಯಿತಿ ಬೇಡ, ಹೆಚ್ಚು ದೇಣಿಗೆ ಕೊಟ್ಟವರಿಗಂತೂ ಬೇಡವೇ ಬೇಡ.

ಎರೆಹೊಲ

ನೂರಕ್ಕೆ ನೂರು ಒಪ್ಪಿದೆ. ಇನ್ನೊಂದು, ಬೆಳೆಯೋ ಆತುರ ಬೇಡ. ಒಂದು ಮಾರ್ಗ, ಒಂದೇ ಗಾಡಿ ಇದ್ದಾಗ ಸಿಗ್ನಲ್ ಬೇಕಿಲ್ಲ. ಮಾರ್ಗದ ಹೆಸರು ಕೆತ್ತಿದ ಒಂದೇ ಒಂದು ಕೋಲು ಇಡಿ. ಕೋಲು ಕೈಯಲ್ಲಿದ್ದವನೇ ಹಳಿ ಮೇಲೆ ಹೋಗಬೇಕು. ಎರಡನೇ ಗಾಡಿ ಬಂದ ದಿನ ಗಾಡಿಗಳು ದಾಟಿಕೊಳ್ಳೋ ಲೂಪು, ಹಳಿ ಬದಲಿಸೋ ಪಾಯಿಂಟು, ಸಿಗ್ನಲ್, ಅದನ್ನ ಕಲಿತವರು, ಎಲ್ಲಾ ಒಟ್ಟಿಗೆ ಬೇಕಾಗುತ್ತೆ.

ಜಾಜೂರು ಜಂಕ್ಷನ್

ಆದರೆ ವೇಲ್ಸ್‌ನದೇ ಫೆಸ್ಟಿನಿಯಾಗ್ ರೈಲ್ವೆ ನೋಡಿ. ವಿದ್ಯುತ್ ಯೋಜನೆಯ ಜಲಾಶಯದಲ್ಲಿ ಹಳಿ ಮುಳುಗಿತು ಅಂತ ಸ್ವಯಂಸೇವಕರು 1965ರಿಂದ ಗುಡ್ಡ ಕಡಿದು, ಸುತ್ತು ಹಾಕೋ ಏರು ಕಟ್ಟಿ, ಹೊಸ ಸುರಂಗ ಕೊರೆಸಿ, 1982ರಲ್ಲಿ ಬ್ಲೈನೈ ಊರಿಗೆ ಗಾಡಿ ಮುಟ್ಟಿಸಿದರು. ಆಸೆ ದೊಡ್ಡದಿದ್ದರೆ ಜನ ಬರ್ತಾರೆ.

ಎರೆಹೊಲ

ಬರ್ತಾರೆ, ನಿಜ. ಅವರಿಗೆ ಹೋಗಿ ಸೇರಬೇಕಾದ ಊರೊಂದಿತ್ತು, ಕೆಳಗಿನ ಅರ್ಧ ಮಾರ್ಗದಲ್ಲಿ ಗಾಡಿ ಓಡ್ತಾ ದುಡ್ಡು ತರ್ತಿತ್ತು. ಅಷ್ಟಿದ್ದೂ ಹದಿನೇಳು ವರ್ಷ ಹಿಡಿಯಿತು. ನಾವಿನ್ನೂ ಮೊದಲ ಮೊಳೆ ಹೊಡೆದಿಲ್ಲ.

ದುರ್ಗದ ಹಳಿ

ಹಾಗಾದರೆ ಮೊದಲ ಹೆಜ್ಜೆ ಇಷ್ಟಿರಲಿ. 50 ಮೀಟರ್ ನೇರ ಹಳಿ. ಐದು ಜೊತೆ 10 ಮೀಟರ್ ತುಂಡು, ಒಂದೂವರೆ ಟನ್. 67 ಸ್ಲೀಪರ್, 268 ಮೊಳೆ, ಎಂಟು ಜೋಡಣೆಗೆ 16 ಪ್ಲೇಟು, 32 ಬೋಲ್ಟು, ಜಲ್ಲಿ 25 ಘನ ಮೀಟರ್, ಒಂದು ತಳ್ಳು ಟ್ರಾಲಿ. ಹಳಿಗಳ ನಡುವಿನ ಅಗಲ ಅಳೆಯೋ ಗೇಜ್ ಪಟ್ಟಿಯನ್ನು ಹರಿಹರದಲ್ಲೇ ಮಾಡಿಸೋಣ. ಎರಡೂ ತುದಿಯ ಗುಬಟಿನ ಹೊರಮೈಯಿಂದ ಹೊರಮೈಗೆ 610 ಮಿ.ಮೀ. ಇರಬೇಕು, ನಡುವೆ ಮರದ ತುಂಡಿರಲಿ, ಬಿಸಿಲಿಗೆ ಕೈ ಸುಡಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಹಾಗೇ ಬಿಟ್ಟು, ತಿಂಗಳಿಗೊಮ್ಮೆ ಪ್ರತಿ ಜೋಡಣೆಯಲ್ಲಿ ಅಗಲ, ಮಟ್ಟ, ಸಂದು ಅಳೆದು ಪುಸ್ತಕದಲ್ಲಿ ಬರೆಯೋಣ. ಜೂನ್‌ಗೆ ಮೊದಲು ಗರಸು ಬಿದ್ದಿರಬೇಕು.

ಹರಿಹರ ಲೇತ್

ಗೇಜ್ ಪಟ್ಟಿ ಎರಡು ಮಾಡಿಸಿ. ಒಂದನ್ನ ಶೆಡ್ಡಿನಲ್ಲಿ ಬೀಗ ಹಾಕಿಡಿ, ತಿಂಗಳಿಗೊಮ್ಮೆ ಇನ್ನೊಂದನ್ನ ಅದಕ್ಕೆ ತಾಳೆ ನೋಡಿ. ಹಳಿ ಮೇಲೆ ಎಸೆದಾಡೋ ಪಟ್ಟಿ ಒಂದು ವರ್ಷದಲ್ಲಿ ಒಂದೆರಡು ಮಿ.ಮೀ. ಸವೆಯುತ್ತೆ.